ನಾಜರ ಕಾಕಾ ಮತ್ತು ಸಾಹೇಬರ ಕತ್ತಿಗಳು

ನಾನು ಮೊದಲ ಸಲ ನೋಡಿದಾಗ ನಾಜರ ಕಾಕಾ ಎರಡೂ ಕೈಗೆ ಕಾಲುಚೀಲ ಹಾಕಿಕೊಂಡು ಕೂತಿದ್ದರು. ಬೂದು ಬಣ್ಣದ ಉಣ್ಣೆಯ ಕಾಲುಚೀಲ. ತೊಡೆಯ ಮೇಲೆ ಹಳೆಯ ಧೋತರದ ತುಂಡು, ಅದರ ಮೇಲೆ ಒರೆಯಿಂದ ತೆಗೆದ ಉದ್ದನೆಯ ಕತ್ತಿ. ಧಾರವಾಡದ ಹೊಸಯಲ್ಲಾಪುರದಲ್ಲಿ ಆ ಮನೆಯ ಹಿಂದಿನ ಎರಡು ಖೋಲಿ ಬಾಡಿಗೆಗೆ ಇವೆಯೆಂದು ಕೇಳಿ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವ ಹೊಸ್ತಿಲಾಚೆಯೇ ನಿಂತುಬಿಟ್ಟಳು. ಅವರು ನಮಗಿಂತ ಹೆಚ್ಚು ಗಾಬರಿಯಾಗಿ ಕತ್ತಿಯ ಮೇಲೆ ಧೋತರ ಎಳೆದುಕೊಂಡರು.

"ಅಂಜಬ್ಯಾಡ್ರಿ, ಇದರ ಧಾರಿ ಎಂದೋ ಹೋಗೇತಿ," ಎಂದರು. ಅವ್ವನ ಕಣ್ಣು ಅವರ ಕೈಮೇಲೆ ಇದ್ದುದನ್ನು ನೋಡಿ, "ನನ್ನ ಕೈ ಭಾಳ ಬೆವರತಾವರಿ. ಬೆವರ ತಾಗಿದ್ರ ಅಲಗಿಗೆ ಜಂಗ ಹಿಡೀತೈತಿ. ಅದಕ್ಕ ಇವು," ಎಂದು ಎರಡೂ ಕಾಲುಚೀಲ ಎತ್ತಿ ತೋರಿಸಿದರು.

ಧಾರವಾಡದ ತಂಪಿನಲ್ಲಿ ಯಾರ ಕೈಯೂ ಹಾಗೆ ಬೆವರುವುದಿಲ್ಲ. ಅವರ ಕೈ ಬೆವರುತ್ತಿದ್ದುದು ಕಾಳಜಿಗೆ. ಅದು ಆ ಮನೆಗೆ ಬಾಡಿಗೆಗೆ ಬಂದು ಒಂದು ವಾರ ಕಳೆಯುವುದರೊಳಗೆ ನನಗೆ ತಿಳಿಯಿತು.

ಅವರ ಹೆಸರು ಶಿವಲಿಂಗಪ್ಪ. ಜಿಲ್ಲಾ ಕೋರ್ಟಿನಲ್ಲಿ ನಾಜರರಾಗಿ ನಿವೃತ್ತರಾಗಿದ್ದರು. ಕೋರ್ಟಿನ ನೋಟೀಸು, ಜಪ್ತಿ, ಖಟ್ಲೆಗಳಲ್ಲಿ ಸಾಕ್ಷಿಗೆಂದು ಹಿಡಿದಿಟ್ಟ ಮುದ್ದೆಮಾಲು ಎಲ್ಲಕ್ಕೂ ಜವಾಬುದಾರನಾದ ಅಧಿಕಾರಿ ನಾಜರ. ಓಣಿಯವರಿಗೆಲ್ಲ ಅವರು ನಾಜರ ಕಾಕಾ. ಮನೆಯಿಂದ ಹೊರಗೆ ಹೊರಟರೆ ಕೀಲಿ ಜಗ್ಗಿ ನೋಡಲು ಅಗಸೆ ಬಾಗಿಲಿನಿಂದ ತಿರುಗಿ ಬರುವರು. ಆಕಾಶ ತಿಳಿಯಾಗಿದ್ದರೆ ಇಷ್ಟು ತಿಳಿ ಯಾಕೆ ಎಂದು ಕೊಡೆ ತೆಗೆದುಕೊಳ್ಳುವರು. ಶಾಲೆಯಲ್ಲಿ ಕಲಿಸಿ ನಾನು ಮನೆಗೆ ಬರುವ ಹೊತ್ತು ಸ್ವಲ್ಪ ಮೀರಿದರೆ ಅವ್ವನಿಗಿಂತ ಮೊದಲು ಅವರು ಕಟ್ಟೆಯ ಮೇಲೆ ಬಂದು ನಿಂತಿರುತ್ತಿದ್ದರು. ಅವರ ಹೆಂಡತಿ ನೀಲವ್ವ, ನನಗೆ ಚಿಗವ್ವ, ಅಡಿಗೆಮನೆಯಲ್ಲಿ ಈಳಿಗೆ ಹಾಕಿಕೊಂಡು ಕೂತಳೆಂದರೆ ಇವರು ಎದ್ದು ಹಿತ್ತಲಿಗೆ ಹೋಗುವರು. ಬೆರಳು ಕೊಯ್ದುಕೊಂಡು ರಕ್ತ ಬಂದೀತು ಎಂಬ ಭಯ. ಅಂಥವರ ಪಡಸಾಲೆಯ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಕಪಾಟುಗಳು, ಕಪಾಟುಗಳ ತುಂಬ ಕತ್ತಿಗಳು.

"ಕಾಳಜಿ ಮಾಡಾಕ ಏನೂ ಇಲ್ಲಂದ್ರ ಇವರಿಗೆ ಅದರದ ಕಾಳಜಿ ಹತ್ತತೈತಿ ನೋಡವಾ," ಎನ್ನುತ್ತಿದ್ದಳು ಚಿಗವ್ವ. ಮಕ್ಕಳಿಲ್ಲದ ಮನೆ. ಅವಳೂ ಕತ್ತಿಗಳನ್ನು ಬೈಯುತ್ತಲೇ ಅವುಗಳ ಮೇಲಿನ ಧೂಳು ಒರೆಸುವಳು.

ಅವರಿಗೆ ಈ ಹುಚ್ಚು ಹತ್ತಿದ್ದು ಕೋರ್ಟಿನ ಮುದ್ದೆಮಾಲಿನ ಖೋಲಿಯಲ್ಲಿ. ಮುಗಿದ ಖಟ್ಲೆಗಳ ಕೊಡಲಿ, ಕುಡುಗೋಲು, ಚೂರಿಗಳನ್ನು ಮುರಿದು ಕರಗಿಸಲು ಕಳಿಸಬೇಕೆಂದು ಒಮ್ಮೆ ಹುಕುಂ ಬಂತು. ಆ ರಾಶಿಯ ಅಡಿಯಲ್ಲಿ ಕಪ್ಪಾಗಿ ಬಿದ್ದಿದ್ದ ಒಂದು ಕತ್ತಿಯ ಹಿಡಿಯನ್ನು ಇವರು ಅಂಗಿಯ ತುದಿಯಿಂದ ಒರೆಸಿ ನೋಡಿದರಂತೆ. ಕಿರೀಟ ಕಂಡಿತು. ಅಲಗನ್ನು ಒರೆಸಿದರೆ ಬಳ್ಳಿಯ ಚಿತ್ತಾರ, ಅದರ ನಡುವೆ ಮೂರು ಇಂಗ್ಲಿಷ್ ಅಕ್ಷರ. "ಯಾರದೋ ಹೆಸರವಾ ಅದು. ಮನಷ್ಯಾರ ಹೆಸರಿದ್ದದ್ದನ್ನ ಭಟ್ಟಿಗೆ ಹೆಂಗ ಹಾಕೂದು ಅಂತ ನನ್ನ ಜೀವಾ ತಡೀಲಿಲ್ಲ. ಜಡ್ಜ್ ಸಾಹೇಬ್ರ ಮುಂದ ನಿಂತು ನಾನಾಗೇ ಬಾಯಿ ತೆರೆದದ್ದು ಅದೊಂದ ಸಲ." ಹರಾಜು ಮಾಡಿಸಿ, ಎಲ್ಲರಂತೆ ಕೂಗಿ, ಕೊಂಡು ತಂದರು. ತಂದ ಮೇಲೆ ಒಂದು ತಿಂಗಳು ಅದನ್ನು ಹಾಸಿಗೆಯ ಸುರುಳಿಯಿಂದ ಹೊರಗೆ ತೆಗೆಯಲಿಲ್ಲವಂತೆ, ಯಾರಾದರೂ ನೋಡಿಯಾರು ಎಂದು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಅದು ತಿಳಿದ ದಿನವೇ ಕಾಕಾ ನಮ್ಮ ಖೋಲಿಯ ಬಾಗಿಲಿಗೆ ಬಂದು, "ಸರೋಜವ್ವಾ, ನೀವು ಚಿತ್ರಾ ತಗೀತೀರಂತ. ನನ್ನ ಕಣ್ಣ ಸೋತಾವ. ಈ ಹಿಡಿಗೋಳದು ಒಂದೊಂದು ಚಿತ್ರಾ ಆಗಬೇಕಿತ್ತು," ಎಂದರು. ಹಾಗೆ ಶುರುವಾಯಿತು. ಆದಿತ್ಯವಾರ ಮುಂಜಾನೆ ನಾನು ಪಡಸಾಲೆಯಲ್ಲಿ ಕೂತು ಅಲಗಿನ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ಲನ್ನು ಅಡ್ಡಲಾಗಿ ತಿಕ್ಕುತ್ತಿದ್ದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳು ಕಾಗದದ ಮೇಲೆ ಮೆಲ್ಲಗೆ ಎದ್ದುಬರುತ್ತಿದ್ದವು. ಕಾಕಾ ಪಕ್ಕದಲ್ಲಿ ಉಸಿರು ಹಿಡಿದು ಕೂತಿರುತ್ತಿದ್ದರು.

ಕತ್ತಿಯನ್ನು ಓದುವುದು ಹೇಗೆಂದು ಅವರಿಂದ ಕಲಿತೆ. ಮೊದಲು ಹಿಡಿ ನೋಡಬೇಕು. ಕಿರೀಟದ ಕೆಳಗೆ ಹೆಣೆದುಕೊಂಡ ಅಕ್ಷರ ಆಗಿನ ರಾಣಿಯದೋ ರಾಜನದೋ ಇರುತ್ತದೆ, ಅದರಿಂದ ಕಾಲ ತಿಳಿಯುತ್ತದೆ. ಹಿಡಿಗೆ ಸುತ್ತಿದ್ದು ಮೀನಿನ ಚರ್ಮವೇ, ಅದರ ಮೇಲಿನ ತಂತಿ ಬಿಗಿಯಾಗಿದೆಯೇ ನೋಡಬೇಕು. ಅಲಗಿನ ಬುಡದಲ್ಲಿ ಹಿತ್ತಾಳೆಯ ಸಣ್ಣ ಬಿಲ್ಲೆ ಕೂರಿಸಿದ್ದರೆ ಕಾರಖಾನೆಯಲ್ಲಿ ಅದನ್ನು ಬಗ್ಗಿಸಿ ಬಡಿದು ಪರೀಕ್ಷೆ ಮಾಡಿದ್ದಾರೆ ಎಂದು ಅರ್ಥ. ಬೆನ್ನಿನ ಮೇಲೆ ನಂಬರು ಇದ್ದರೆ ಇನ್ನೂ ಒಳ್ಳೆಯದು.

"ಸಿಪಾಯಿ ಕತ್ತಿ ಸರಕಾರದ್ದು, ಎಲ್ಲಾ ಒಂದ ನಮೂನಿ," ಎಂದು ಹೇಳುತ್ತಿದ್ದರು. "ಆಫೀಸರ್ ಕತ್ತಿ ಹಂಗಲ್ಲ. ಅವಾ ತಾನ ಅಂಗಡಿಗೆ ಹೋಗಿ, ಕೈಗೆ ಹೊಂದತೈತೋ ಇಲ್ಲೋ ನೋಡಿ ಮಾಡಿಸಿಕೊಂಡಿರತಾನ. ಹೆಸರಿನ ಅಕ್ಷರಾ ಹಾಕಿಸಿರತಾನ. ಹಿಂದ ನಿಂತು ಅವರಪ್ಪ ರೊಕ್ಕಾ ಕೊಟ್ಟಿರತಾನ. ಹಡಗ ಹತ್ತೂ ಮುಂದ ಅವರವ್ವ ಅತ್ತಿರತಾಳ."

ಇಲ್ಲಿಗೆ ಬಂದರೆಂದರೆ ಅವರ ಕಾಳಜಿ ಶುರುವಾಗುತ್ತಿತ್ತು. ನೂರು ವರ್ಷದ ಹಿಂದಿನ, ಹೆಸರೂ ಪೂರ್ತಿ ಗೊತ್ತಿಲ್ಲದ ಆ ಸಾಹೇಬರಿಗಾಗಿ ಅವರು ಚಿಂತಿಸುವುದನ್ನು ನೋಡಿದರೆ ನಗುವೂ ಬರುತ್ತಿತ್ತು, ಒಂಥರಾ ಸಂಕಟವೂ ಆಗುತ್ತಿತ್ತು. "ಇವಾ ಊರಿಗೆ ತಿರುಗಿ ಹೋಗಿರಬೇಕೇನು? ಹೋಗಿದ್ರ ಕತ್ತಿ ಇಲ್ಯಾಕ ಉಳೀತು? ಇಲ್ಲೇ ಸತ್ನೋ ಏನೋ." ಆಳಲು ಬಂದವರ ಬಗ್ಗೆ ಇಷ್ಟು ಮರುಗುವುದೇಕೆ ಎಂದು ಒಮ್ಮೆ ಕೇಳಿದ್ದೆ. "ಆಳಾಕ ಬಂದವ್ರ ಹೌದು. ಬ್ಯಾಡ ಅನ್ನಂಗಿಲ್ಲ. ಆದ್ರ ಇಪ್ಪತ್ತ ವರ್ಷದ ಹುಡುಗರವಾ," ಎಂದರು.

ಹೊಸ ಕತ್ತಿ ಹುಡುಕುವುದು ಹೆಚ್ಚಾಗಿ ಹುಬ್ಬಳ್ಳಿಯಲ್ಲಿ. ದುರ್ಗದಬೈಲಿನ ಹತ್ತಿರ ಹಳೆಯ ಕಬ್ಬಿಣ ಕೊಳ್ಳುವ ಹುಸೇನಸಾಬ ಎಂಬವರು ಏನಾದರೂ ಬಂದರೆ ಇವರಿಗೆ ಹೇಳಿಕಳಿಸುವರು. ಗೋವೆಗೆ ಸೈನ್ಯ ಹೋಗಿ ಬಂದ ಹೊಸದರಲ್ಲಿ ಹಾಗೊಮ್ಮೆ ಕರೆ ಬಂತು. ಚಿಗವ್ವ, ನಾನು, ಕಾಕಾ ಮೂವರೂ ರೈಲಿನಲ್ಲಿ ಹೋದೆವು. ಹುಸೇನಸಾಬರು ಎರಡು ಕತ್ತಿ ಮುಂದಿಟ್ಟರು. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಸುಟ್ಟ ಕೊಳ್ಳಿಯ ಹಾಗಿತ್ತು. ಕಾಕಾ ಕಪ್ಪನೆಯದನ್ನು ಎತ್ತಿಕೊಂಡರು.

"ಅದ್ಯಾಕ್ರಿ ನಾಜರ ಸಾಹೇಬ್ರ, ಇದು ನೋಡ್ರಿ ಎಷ್ಟ ಚಂದ ಐತಿ," ಎಂದರು ಹುಸೇನಸಾಬರು.

"ಚಂದ ಐತಿ. ಖರೇ ಇಲ್ಲ," ಎಂದು ಕಾಕಾ ಹೊಳೆಯುವ ಕತ್ತಿಯ ಬುಡ ತೋರಿಸಿದರು. ಹಿತ್ತಾಳೆಯ ಬಿಲ್ಲೆಯನ್ನು ಉಕ್ಕಿನಲ್ಲಿ ಕೂರಿಸಿರಲಿಲ್ಲ, ಮೇಲೆ ಅಂಟಿಸಿದ್ದರು. ಕಿರೀಟವೂ ಒಂದು ಮಗ್ಗುಲಿಗೆ ವಾಲಿತ್ತು.

ತಿರುಗಿ ಬರುವಾಗ ಹುಬ್ಬಳ್ಳಿ ನಿಲ್ದಾಣದಲ್ಲಿ ಪೋಲೀಸರ ತಪಾಸಣೆ. ಹಾಸಿಗೆಯ ಸುರುಳಿಯನ್ನು ತೋರಿಸಿ ಏನಿದು ಎಂದು ಕೇಳಿದ ಕೂಡಲೇ ಕಾಕಾನ ಬಾಯಿಂದ "ಕತ್ತಿರಿ" ಎಂಬ ಮಾತು ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಷ್ಟು ಜೋರಾಗಿ ಬಂತು. ಜನ ದೂರ ಸರಿದರು. ಕಚೇರಿಯಿಂದ ಬರೆಸಿಕೊಂಡ ಪರವಾನಗಿ ಕೋಟಿನ ಒಳಜೇಬಿನಲ್ಲೇ ಇತ್ತು, ಆದರೆ ಅದನ್ನು ತೆಗೆಯಲು ಅವರ ಕೈ ಏಳಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಯಾರನ್ನ ಕಡ್ಯಾಕ ಹೊಂಟೀರಿ ಅಜ್ಜಾರ?" ಎಂದ ಹವಾಲ್ದಾರ.

"ಇವ್ರು ಹುಟ್ಟಿದಾಗಿಂದ ಒಂದ ಸವತಿಕಾಯಿ ಹೆಚ್ಚಿಲ್ಲರಿ," ಎಂದಳು ಚಿಗವ್ವ, ಅವರ ಜೇಬಿನಿಂದ ತಾನೇ ಕಾಗದ ತೆಗೆದುಕೊಡುತ್ತ.

ಹವಾಲ್ದಾರ ನಕ್ಕ. ಆದರೂ ದೊಡ್ಡ ಸಾಹೇಬರು ಬಂದು ಕಾಗದ ನೋಡುವವರೆಗೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಮನೆಗೆ ಬಂದ ಮೇಲೆ ಕಾಕಾನಿಗೆ ಜ್ವರ ಬಂತು. ಮಲಗಿದಲ್ಲಿಂದಲೇ, "ಕತ್ತೀಗೆ ಎಣ್ಣಿ ಹಚ್ಚಿದಿರೇನು ಸರೋಜವ್ವಾ?" ಎಂದು ಕೇಳುತ್ತಿದ್ದರು.

ಅರವತ್ತೈದರ ಸೆಪ್ಟೆಂಬರಿನಲ್ಲಿ ಲಡಾಯಿ ಶುರುವಾಯಿತು. ಧಾರವಾಡದ ಜಿಟಿಜಿಟಿ ಮಳೆ ಬಿಡದೆ ಹಿಡಿದಿತ್ತು. ಚಹಾದಂಗಡಿಯ ರೇಡಿಯೋ ಮುಂದೆ ಜನ ಕೊಡೆ ಹಿಡಿದುಕೊಂಡೇ ನಿಂತು ವಾರ್ತೆ ಕೇಳುತ್ತಿದ್ದರು. ಜವಾನರಿಗಾಗಿ ಕಂಬಳಿ, ಉಣ್ಣೆಯ ಬಟ್ಟೆ ಕೂಡಿಸಲು ಊರಿನ ಕೆಲವರು ಸಮಿತಿ ಮಾಡಿಕೊಂಡಿದ್ದರು. ಅದರ ಮುಖ್ಯಸ್ಥರಾದ ವಕೀಲರೊಬ್ಬರು ಒಂದು ಮುಂಜಾನೆ ಕಾಕಾನ ಮನೆಗೆ ಬಂದರು. ಅಮ್ಮಿನಬಾವಿಯ ಬಸಪ್ಪ ಹೊಸಮನಿ ಎಂಬ ರೈತರ ಮನೆಯಲ್ಲಿ ಒಂದು ಕತ್ತಿ ಇದೆ. ನರಗುಂದದ ಬಂಡಾಯದಲ್ಲಿ ಅವರ ಮುತ್ತ್ಯಾ, ಅಂದರೆ ಮುತ್ತಜ್ಜ, ಇಂಗ್ಲಿಷ್ ಸಾಹೇಬನ ಕೈಯಿಂದ ಕಸಿದುಕೊಂಡದ್ದು. ಅದನ್ನು ಮೆರವಣಿಗೆಯ ಮುಂದೆ ಹಿಡಿದು ಹೊರಟರೆ ಊರೇ ಎದ್ದು ಬರುತ್ತದೆ. ನೀವು ನೋಡಿ ಅದು ಆ ಕಾಲದ್ದೇ ಎಂದು ಎರಡು ಸಾಲು ಬರೆದುಕೊಡಬೇಕು, ಸಭೆಯಲ್ಲಿ ಓದುತ್ತೇವೆ. ಇದು ಅವರ ಮಾತು. ಹೊರಡುವಾಗ ಇನ್ನೊಂದು ಹೇಳಿದರು: ಆ ಬಸಪ್ಪನ ಮಗ ಫಕೀರಪ್ಪ ಈಗ ಗಡಿಯಲ್ಲಿದ್ದಾನೆ, ಅವನ ಸುದ್ದಿ ಬಾರದೆ ಬಹಳ ದಿನವಾಯಿತು.

ಬಂಡಾಯದ ಕತ್ತಿ ನೋಡುವ ಆಸೆಗೆ ಕಾಕಾ ಮಗುವಿನಂತಾಗಿದ್ದರು. ಮರುದಿನ ಮುಂಜಾನೆಯ ಬಸ್ಸಿನಲ್ಲಿ ಅವರೂ ನಾನೂ ಅಮ್ಮಿನಬಾವಿಗೆ ಹೋದೆವು. ಬಸಪ್ಪ ತಲೆಗೆ ಪಟಕಾ ಸುತ್ತಿಕೊಂಡು ಬಸ್ಸಿನ ಹತ್ತಿರವೇ ಬಂದು ನಿಂತಿದ್ದರು. "ಬರ್ರಿ ಸಾಹೇಬ್ರ, ಅಕ್ಕಾರ ಬರ್ರಿ. ಮಳ್ಯಾಗ ಭಾಳ ತ್ರಾಸ ಆತೇನು?" ಎಂದು ಕರೆದುಕೊಂಡು ಹೋದರು.

ಕತ್ತಿ ದೇವರ ಕೋಣೆಯಲ್ಲಿತ್ತು. ಹಿಡಿಗೆ ಅರಿಸಿನ ಕುಂಕುಮ ಮೆತ್ತಿ ಹೂ ಏರಿಸಿದ್ದರು. ಪಕ್ಕದಲ್ಲಿ ಸೈನ್ಯದ ದಿರಿಸಿನಲ್ಲಿ ಫಕೀರಪ್ಪನ ಫೋಟೋ, ಎರಡಕ್ಕೂ ಸೇರಿ ಒಂದೇ ದೀಪ. ಬಸಪ್ಪನ ತಾಯಿ ಈರವ್ವ ಗೋಡೆಗೆ ಒರಗಿ ಕೂತಿದ್ದಳು. ಕಾಕಾ ಚೀಲದಿಂದ ಕಾಲುಚೀಲ ತೆಗೆದು ಕೈಗೇರಿಸತೊಡಗಿದಾಗ ಅವಳು, "ಕಾಲಿಗೆ ಹಾಕೂದನ್ನ ಹಾಕ್ಕೊಂಡು ದೇವರನ್ನ ಮುಟ್ಟತೀರೇನ್ರಿ?" ಎಂದಳು.

"ಕಾಲಿಗೆ ಎಂದೂ ಹಾಕಿಲ್ಲವಾ. ಇವು ಹುಟ್ಟಿದ್ದ ಕೈಗೆ," ಎಂದರು ಕಾಕಾ.

ಬಸಪ್ಪ ಮುತ್ತ್ಯಾನ ಕತೆ ಹೇಳತೊಡಗಿದರು. ಕುದುರೆಯ ಮೇಲಿದ್ದ ಸಾಹೇಬನ ಕಾಲು ಹಿಡಿದು ಕೆಳಗೆ ಎಳೆದದ್ದು, ಕತ್ತಿ ಕಸಿದುಕೊಂಡದ್ದು, ಆಮೇಲೆ ಮುತ್ತ್ಯಾನನ್ನು ಹಿಡಿದು ಗಲ್ಲಿಗೇರಿಸಿದ್ದು. ಓಣಿಯ ಜನ ಬಾಗಿಲಲ್ಲಿ ಬಂದು ನಿಂತಿದ್ದರು. ಕಾಕಾ ಹೂ ಸರಿಸಿ, ಹಿಡಿಯ ಮೇಲಿನ ಕುಂಕುಮವನ್ನು ಮೆತ್ತಗೆ ಒರೆಸಿದರು. ಕಿರೀಟ ಕಂಡಿತು. ಅದರ ಕೆಳಗಿನ ಅಕ್ಷರಗಳು ಅವರಿಗೂ ನನಗೂ ಒಟ್ಟಿಗೆ ಕಂಡವು. ಅದು ಬಂಡಾಯದ ಕಾಲದ ರಾಣಿಯ ಗುರುತಲ್ಲ. ರಾಣಿ ಸತ್ತ ಮೇಲೆ ಪಟ್ಟಕ್ಕೆ ಬಂದ ಅವಳ ಮಗನದು. ಬಂಡಾಯ ಮುಗಿದು ನಲವತ್ತು ವರ್ಷ ಕಳೆದ ಮೇಲೆಯೇ ಆ ಗುರುತು ಹುಟ್ಟಿದ್ದು. ಗಲ್ಲಿಗೇರಿದ ಮುತ್ತ್ಯಾನ ಕೈ ಈ ಕತ್ತಿಯನ್ನು ಮುಟ್ಟಿರಲು ಸಾಧ್ಯವೇ ಇರಲಿಲ್ಲ.

ಕಾಕಾ ತಲೆ ಎತ್ತಲಿಲ್ಲ.

"ಹೇಳ್ರಿ ಸಾಹೇಬ್ರ," ಎಂದರು ಬಸಪ್ಪ.

"ಬೆಳಕ ಸಾಲವಲ್ದು. ಸ್ವಲ್ಪ ಕೈ ತೊಳಕೊಂಡ ಬರತೇನಿ," ಎಂದು ಕಾಕಾ ಎದ್ದು ಹಿತ್ತಲಿಗೆ ನಡೆದರು. ಅವರಿಗೆ ತಲೆ ಸುತ್ತೀತೆಂದು ನಾನೂ ಹಿಂದೆ ಹೋದೆ. ನಮ್ಮ ಹಿಂದೆಯೇ ನೀರಿನ ತಂಬಿಗೆ ಹಿಡಿದುಕೊಂಡು ಈರವ್ವ ಬಂದಳು. ಬಾಗಿಲು ಮುಂದೆ ಮಾಡಿ, "ನಿಮಗ ತಿಳೀತಲ್ರಿ?" ಎಂದಳು.

ಕಾಕಾ ಕಾಲುಚೀಲ ಕಳಚತೊಡಗಿದರು.

"ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ. ಅದು ನನ್ನ ಗಂಡ ತಂದದ್ದರಿ. ಮದಿವ್ಯಾದ ಹೊಸದಾಗ ಬೆಳಗಾಂವಿ ದಂಡಿನ್ಯಾಗ ಒಬ್ಬ ಸಾಹೇಬನ ಬಂಗಲೇದಾಗ ಆಳ ಇದ್ರು. ಬೂಟ ತಿಕ್ಕೂದು, ಕತ್ತಿ ತಿಕ್ಕೂದು. ಸಾಹೇಬ ಜ್ವರಾ ಬಂದು ಸತ್ತಾ. ಅವನ ಹೇಣ್ತಿ ಮಡಮ್ಮಗ ಆ ಕತ್ತಿ ಕಣ್ಣೀಲೆ ನೋಡಾಕ ಆಗಲಿಲ್ಲ. ಒಯ್ದು ಎಲ್ಲೆರೆ ಒಗದ ಬಾ ಅಂದ್ಳಂತ. ಇವ್ರು ಒಗೀಲಿಲ್ಲ, ಊರಿಗೆ ತಂದ್ರು. ಬೂಟ ತಿಕ್ಕತಿದ್ದೆ ಅಂತ ಊರಾಗ ಹೆಂಗ ಹೇಳೂದು? ಮುತ್ತ್ಯಾನ ಹೆಸರ ಹೇಳಿದ್ರು. ಮುತ್ತ್ಯಾ ಗಲ್ಲಿಗೇರಿದ್ದು ಖರೇರಿ. ಕತ್ತಿ ಅಷ್ಟ ಅವಂದಲ್ಲ."

"ಬಸಪ್ಪಗ ಗೊತ್ತಿಲ್ಲೇನು?" ಎಂದು ಕೇಳಿದರು ಕಾಕಾ.

"ಯಾರಿಗೂ ಗೊತ್ತಿಲ್ಲ. ಆ ಕತಿ ಕೇಳಿನ ನನ್ನ ಮೊಮ್ಮಗ ದಂಡಿಗೆ ಸೇರಿದಾ. ಈ ಸಲಾನೂ ಸೂಟಿ ಮುಗಿಸಿ ಹೋಗೂ ಮುಂದ ಅದಕ್ಕ ಕೈ ಮುಗದು ಹೋಗ್ಯಾನ." ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಸೆರಗು ಮುಖಕ್ಕೆ ಹಿಡಿದಳು.

"ನಾ ಸುಳ್ಳ ಬರ್ಯಾಂಗಿಲ್ಲವಾ," ಎಂದರು ಕಾಕಾ ಮೆಲ್ಲಗೆ.

"ಸುಳ್ಳ ಬರೀರಿ ಅಂತ ನಾ ಅನ್ನಂಗಿಲ್ಲರಿ. ಖರೇನ ಈಗ ಹೇಳಬ್ಯಾಡ್ರಿ. ನನ್ನ ಕೂಸ ಬರಲಿ."

ಅಷ್ಟರಲ್ಲಿ ಒಳಗಿನಿಂದ ಬಸಪ್ಪ ಕರೆದರು. ಹೋಗುವ ಮುಂಚೆ ಕಾಕಾ ತಿರುಗಿ, "ಆ ಸಾಹೇಬಗ ಮಕ್ಕಳಿದ್ರೇನವಾ?" ಎಂದು ಕೇಳಿದರು. ಈರವ್ವ ಅವರನ್ನು ವಿಚಿತ್ರವಾಗಿ ನೋಡಿ, "ಒಂದ ಕೂಸಿತ್ತಂತ," ಎಂದಳು.

ದೇವರ ಕೋಣೆಯ ಮುಂದೆ ಎಲ್ಲರೂ ಕಾಯುತ್ತಿದ್ದರು. ಕಾಕಾ ಕತ್ತಿಯ ಹಿಡಿಗೆ ತಾವೇ ಕುಂಕುಮ ಹಚ್ಚಿ, ಹೂ ಏರಿಸಿ, ಮೊದಲಿದ್ದ ಹಾಗೆಯೇ ಇಟ್ಟರು.

"ಹುಡುಗನ ಸಲುವಾಗಿ ಪೂಜಿ ನಡದೈತಿ. ಅವಾ ಬರೂತನಕ ಇದನ್ನ ಈ ಜಾಗಾ ಬಿಟ್ಟು ಕದಲಸಬ್ಯಾಡ್ರಿ ಬಸಪ್ಪಾರ. ಬರದು ಕೊಡೂದು ಆಮ್ಯಾಲೆ ನೋಡೂಣು."

"ಮೆರವಣಿಗಿ ಮುಂದ ಹಿಡೀಬೇಕಂತ ವಕೀಲ ಸಾಹೇಬ್ರು ಹೇಳ್ಯಾರಲ್ರಿ."

"ಅವ್ರಿಗೆ ನಾ ಹೇಳತೇನಿ."

"ಕತ್ತಿ ಅಸಲ ಐತೋ ಇಲ್ಲೋ? ಅಷ್ಟ ಹೇಳ್ರಿ."

"ಅಸಲ ಐತಿ. ಛಲೋ ಕತ್ತಿ," ಎಂದರು ಕಾಕಾ. ಅದು ಸುಳ್ಳಾಗಿರಲಿಲ್ಲ.

"ಮತ್ತ ಬರದು ಕೊಡಾಕೇನು ತ್ರಾಸು?" ಎಂದ ಬಸಪ್ಪನ ಮುಖ ಬಿಗಿದಿತ್ತು. ಕಾಕಾ ಕಾಲುಚೀಲ ಮಡಿಸಿ ಚೀಲದಲ್ಲಿಟ್ಟುಕೊಂಡರು. ಚಹಾ ಕುಡಿದು ಎದ್ದೆವು. ಬಸ್ಸಿನವರೆಗೆ ಬಿಡಲು ಬಸಪ್ಪ ಬರಲಿಲ್ಲ.

ಬಸ್ಸಿನಲ್ಲಿ ನಾನು, "ಗೊತ್ತಾಗಲಿಲ್ಲ ಅಂತ ವಕೀಲರಿಗೆ ಹೇಳಿದ್ರ ಮುಗೀತಲ್ರಿ ಕಾಕಾ," ಎಂದೆ.

"ಮುಗ್ಯಾಂಗಿಲ್ಲವಾ. ಆ ಕತ್ತಿ ಧಾರವಾಡಕ್ಕ ಬಂತಂದ್ರ ಆತು. ಕಾಲೇಜಿನ ಹುಡುಗೂರು, ಪ್ರೊಫೆಸರ್ರು, ಎಲ್ಲಾರೂ ಹತ್ರ ಬಂದು ನೋಡತಾರ. ಅಕ್ಷರಾ ಓದವ್ರು ಒಬ್ಬರರೆ ಇರತಾರ. ತುಂಬಿದ ಮಂದಿ ಮುಂದ ಓದಿ ಹೇಳಿದ್ರ? ಮಗನ ಸುದ್ದಿ ಇಲ್ಲದ ಮನಷ್ಯಾ ನಿಂತಿರತಾನ ಅಲ್ಲೆ." ಕಿಟಕಿಯಾಚೆ ತೊಯ್ದ ಹೊಲಗಳನ್ನು ನೋಡುತ್ತ ಕೂತರು. ಊರು ಹತ್ತಿರ ಬಂದಾಗ, "ಮೆರವಣಿಗಿಗೆ ಒಂದು ಕತ್ತಿ ಬೇಕ ಬೇಕು. ನಂದ ಕೊಡತೇನಿ," ಎಂದರು.

ತಮ್ಮ ಕತ್ತಿಗಳನ್ನು ಚಿಗವ್ವ ಕೂಡ ಬರಿಗೈಯಿಂದ ಮುಟ್ಟಬಾರದೆಂದು ಕಾವಲು ಕಾಯುವ ಮನುಷ್ಯ ಅವರು. ವಕೀಲರ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ವಕೀಲರು ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ಹಾಗೆಯೇ ಕೇಳಿದರು. ಹಾಗಾದರೆ ಅಮ್ಮಿನಬಾವಿಯ ಕತ್ತಿ ಖೊಟ್ಟಿ ಎನ್ನುತ್ತೀರೇನು? ನಾ ಹಂಗ ಅನ್ನಲಿಲ್ಲರಿ. ಬಂಡಾಯದ್ದು ಹೌದೋ ಅಲ್ಲೋ? ಈಗ ಹೇಳಾಕ ಬರಂಗಿಲ್ಲರಿ. ಯಾಕೆ ಬರುವುದಿಲ್ಲ? ಕಾಕಾನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಇಡೀ ಜನ್ಮ ವಕೀಲರಿಗೆ ಎದ್ದು ನಿಂತು ನಮಸ್ಕಾರ ಹೇಳಿದವರು, ಅವತ್ತು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತೇ ಇದ್ದರು. ಕೊನೆಗೆ ವಕೀಲರು ಬೇಸತ್ತು, "ಆತು, ನಿಮ್ದ ಕೊಡ್ರಿ," ಎಂದರು.

ಮೆರವಣಿಗೆಯ ದಿನವೂ ಮಳೆ. ಕಂಪನಿ ಸರಕಾರದ ಕಾಲದ, ಬಾಗಿದ ಅಲಗಿನ ತಮ್ಮ ಅತ್ಯಂತ ಹಳೆಯ ಕತ್ತಿಯನ್ನು ಕಾಕಾ ಕೊಟ್ಟಿದ್ದರು. ತರುಣನೊಬ್ಬ ಅದನ್ನು ಎತ್ತಿ ಹಿಡಿದು ಮುಂದೆ ನಡೆದ. ಕಾಕಾ ಅವನ ಪಕ್ಕದಲ್ಲಿ ಓಡುನಡಿಗೆಯಲ್ಲಿ, ತಮ್ಮ ಕೊಡೆಯನ್ನು ಕತ್ತಿಯ ಮೇಲೆ ಹಿಡಿದು, ತಾವು ತೊಪ್ಪಗೆ ತೊಯ್ಯುತ್ತ ನಡೆದರು. ನೋಡಿದವರು ನಕ್ಕರು. ನನಗೂ ಚಿಗವ್ವನಿಗೂ ನಗು ಬರಲಿಲ್ಲ. ಸುಭಾಷ ರಸ್ತೆಯ ತಿರುವಿನಲ್ಲಿ ಬಸಪ್ಪ ನಿಂತಿದ್ದರು. ಕತ್ತಿಯನ್ನು ನೋಡಿದರು, ಕೊಡೆ ಹಿಡಿದವರನ್ನು ನೋಡಿದರು, ಬೆನ್ನು ತಿರುಗಿಸಿ ಹೋದರು.

ಅದರ ಮರುವಾರ ಮಾತು ಹುಟ್ಟಿತು. ನಾಜರನಿಗೆ ಬಸಪ್ಪನ ಕತ್ತಿಯ ಮೇಲೆ ಕಣ್ಣು ಬಿದ್ದಿದೆ. ಬರೆದುಕೊಟ್ಟರೆ ಅದರ ಬೆಲೆ ಏರುತ್ತದೆಂದು ಬರೆದುಕೊಡಲಿಲ್ಲ. ತನ್ನದನ್ನು ಮೆರೆಸಲು ಅದನ್ನು ತಡೆದ. ಹುಡುಗನಿಗೆ ಏನಾದರೂ ಆದರೆ ಮುದುಕಿಯ ಕೈಯಿಂದ ಕತ್ತಿಯನ್ನು ಪುಕ್ಕಟೆ ಹೊಡೆದುಕೊಳ್ಳುತ್ತಾನೆ. ಸಂತೆಯಲ್ಲಿ ಬಸಪ್ಪನೇ ಹೀಗೆ ಅಂದರೆಂದು ನಮ್ಮ ಕಾಯಿಪಲ್ಲೆಯವಳು ಬಂದು ಚಿಗವ್ವನಿಗೆ ಹೇಳಿದಳು. ಮುದ್ದೆಮಾಲಿನ ಖೋಲಿಯ ಕೀಲಿ ಸೊಂಟಕ್ಕೆ ಕಟ್ಟಿಕೊಂಡು ಜೀವನ ಸವೆಸಿದ, ರೊಕ್ಕ ಕೊಡದೆ ಒಂದು ಮೊಳೆಯನ್ನೂ ಮನೆಗೆ ತಾರದ ಮನುಷ್ಯನಿಗೆ ಈ ಮಾತು. ಕಾಕಾ ಕೇಳಿಸಿಕೊಂಡರು. ಆ ದಿನ ರೊಟ್ಟಿ ಮುಟ್ಟಲಿಲ್ಲ.

"ಹೋಗಿ ಖರೇ ಹೇಳಿಬರ್ರಿ," ಎಂದು ಚಿಗವ್ವ ಸಿಟ್ಟಾದಳು.

"ಹುಡುಗನ ಸುದ್ದಿ ಬಂದಿಲ್ಲಲ," ಎಂದಷ್ಟೇ ಅಂದರು.

ಲಡಾಯಿ ನಿಂತಿತು. ಆದರೂ ಸುದ್ದಿ ಬರಲಿಲ್ಲ. ಕಾಕಾ ದಿನಾ ಮಧ್ಯಾಹ್ನ ಅಮ್ಮಿನಬಾವಿಯ ಬಸ್ಸು ಬರುವ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ ಕಂಡಕ್ಟರನನ್ನು ಕೇಳಿ ಬರುತ್ತಿದ್ದರು. ಆಯುಧಪೂಜೆಯ ದಿನ ತಮ್ಮ ಕತ್ತಿಗಳಿಗೆ ಹೂ ಏರಿಸಲಿಲ್ಲ. "ಈ ಸಲ ಬ್ಯಾಡ," ಎಂದರು. ಅವರ ಅಂಗಿಗಳು ಸಡಿಲವಾಗಿದ್ದವು. ಯಾರದೋ ಮಗನಿಗಾಗಿ, ಅದೂ ತಮ್ಮನ್ನು ಕಳ್ಳನೆಂದು ಕರೆದವನ ಮಗನಿಗಾಗಿ, ಅವರು ಒಣಗುತ್ತಿರುವುದನ್ನು ನೋಡಿ ನನ್ನ ಅವ್ವ ಕೂಡ ದೇವರಿಗೆ ಹರಕೆ ಹೊತ್ತಳು.

ಒಂದು ದಿನ ನಾನು ಶಾಲೆಯಿಂದ ಬಂದಾಗ ಕಾಕಾ ಕಟ್ಟೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಅವರು ನನ್ನನ್ನು ನೋಡಿ ಕೈ ಅಲ್ಲಾಡಿಸಿ, "ಅದಾನವಾ. ಪುಣೆ ದವಾಖಾನ್ಯಾಗ ಅದಾನ. ಕಾಲಿಗೆ ಗುಂಡ ಹತ್ತೇತಿ, ಜೀವಕ್ಕೇನಿಲ್ಲ," ಎಂದರು. ಕಂಡಕ್ಟರ ಬಸ್ಸು ನಿಲ್ಲುವ ಮೊದಲೇ ಕೂಗಿ ಹೇಳಿದನಂತೆ.

ಸಂಕ್ರಾಂತಿ ಕಳೆದ ಮೇಲೆ ಫಕೀರಪ್ಪ ತಾನಾಗಿಯೇ ಕಾಕಾನ ಮನೆಗೆ ಬಂದ. ಎತ್ತರದ ಹುಡುಗ, ಕೋಲೂರಿಕೊಂಡು ನಡೆಯುತ್ತಿದ್ದ. ಕಾಕಾ ಅವನನ್ನು ಕುರ್ಚಿಯಲ್ಲಿ ಕೂರಿಸಿ, ನೋಯುವ ಕಾಲಿನ ಕೆಳಗೆ ತಮ್ಮ ಕೈಯಾರೆ ತಲೆದಿಂಬು ಇಟ್ಟರು. ಬಹಳ ಹೊತ್ತು ದವಾಖಾನೆಯ ಮಾತೇ ಆಯಿತು. ಆಮೇಲೆ ಅವನು ಕಪಾಟುಗಳತ್ತ ನೋಡುತ್ತ, "ಅಜ್ಜಿ ಎಲ್ಲಾ ಹೇಳಿದ್ಳರಿ," ಎಂದ.

ಕಾಕಾ ಗಾಬರಿಯಾದರು. "ಹೇಳಿದ್ಳೇನು? ನಿನಗ ಕೆಟ್ಟ ಅನಿಸ್ತೇನಪಾ?"

"ನನಗ ಮೊದಲ ಗೊತ್ತಿತ್ರಿ. ದಂಡಿಗೆ ಸೇರಿದ ವರ್ಷನ ಗೊತ್ತಾಗಿತ್ತು. ನಮ್ಮ ಆಫೀಸರ್ ಮೆಸ್ಸಿನ್ಯಾಗ ಅಂಥಾ ಕತ್ತಿ ಗ್ವಾಡಿಗೆ ತೂಗಹಾಕ್ಯಾರ. ಯಾವ್ಯಾವ ರಾಜಂದು ಅಂತ ಕೆಳಗ ಬರದಾರ. ಅವನ್ನ ತಿಕ್ಕೂದು ನಮ್ಮ ಪಾಳಿ. ತಿಕ್ಕತ ತಿಕ್ಕತ ನೋಡಿದ್ರ ನಮ್ಮನಿ ಕತ್ತೀದ ಗುರುತು." ಸ್ವಲ್ಪ ನಕ್ಕ. "ನಮ್ಮಜ್ಜನೂ ಹಿಂಗ ತಿಕ್ಕಿರಬೇಕು ಅಂತ ಅವತ್ತ ಅನಿಸ್ತರಿ."

"ಗೊತ್ತಿದ್ದೂ ಕೈ ಮುಗದು ಹೋದೆಲ್ಲೋ."

"ಅಜ್ಜಿ ನೋಡಾಕತ್ತಿದ್ಳಲ್ರಿ."

ಅಷ್ಟು ದಿನ ಕಾಕಾ ಆ ಗುಟ್ಟನ್ನೂ ಊರವರ ಮಾತನ್ನೂ ಹೊತ್ತದ್ದು ಈ ಹುಡುಗನ ಸಲುವಾಗಿ, ಅವನಿಗೋ ಅದು ಬೇಕೇ ಇರಲಿಲ್ಲ. ಆದರೆ ಕಾಕಾನ ಮುಖದಲ್ಲಿ ಮೆಲ್ಲಗೆ ಒಂದು ಸಮಾಧಾನ ಮೂಡುತ್ತಿದ್ದುದನ್ನು ನೋಡಿದೆ.

"ಅಪ್ಪಗ ಹೇಳಬೇಕಂತ ಮಾಡೇನ್ರಿ," ಎಂದ ಫಕೀರಪ್ಪ. "ಆದ್ರ ನಾ ಬಂದಾಗಿಂದ ನನ್ನ ಬಾಜೂ ಕುಂದರಿಸಿಕೊಂಡು ಬಂದವ್ರಿಗೆಲ್ಲಾ ಅದ ಕತಿ ಹೇಳತಾನ. ಹೆಂಗ ಹೇಳ್ಲಿ?"

"ಹೇಳಬ್ಯಾಡ."

"ಹೇಳದಿದ್ರ ನಿಮ್ಮ ಮ್ಯಾಲಿನ ಮಾತ ಹಂಗ ಉಳೀತೈತಲ್ರಿ."

"ಉಳೀಲಿ ಬಿಡಪಾ," ಎಂದರು ಕಾಕಾ. "ಆ ಮಾತಿನ ಕಾಳಜಿ ನಾ ಒಬ್ಬಾಂವ ಮಾಡಿದ್ರ ಸಾಕು."

ಚಿಗವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಫಕೀರಪ್ಪನ ಕೈಯಲ್ಲಿ ಎಳ್ಳುಬೆಲ್ಲ ಇಟ್ಟು, ಗಂಡನ ಕಡೆ ನೋಡದೆ ಒಳಗೆ ಹೋದಳು. ಅವಳಿಗೆ ಆ ತೀರ್ಮಾನ ಎಂದೂ ಒಪ್ಪಿಗೆಯಾಗಲಿಲ್ಲ. ಆದರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ನನಗೆ ಹುಬ್ಬಳ್ಳಿಯ ಶಾಲೆಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಕಾಕಾ ಪ್ರತಿ ಗಂಟನ್ನೂ ಜಗ್ಗಿ ನೋಡಿದರು. ಚಕ್ಕಡಿಯ ಗಾಲಿ ನೋಡಿದರು. ಹುಬ್ಬಳ್ಳಿಯ ನೀರು ಒಗ್ಗೀತೋ ಇಲ್ಲವೋ ಎಂದು ಅವ್ವನಿಗೆ ಹೇಳಿ ಹೇಳಿ ಅವಳನ್ನೂ ಹೆದರಿಸಿದರು. ಆಗಾಗ ನಾನು ಬಂದು ಹೋಗುತ್ತಿದ್ದೆ. ಕೊನೆಯ ಸಲ ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು. ನಾನು ತಿಕ್ಕಿ ತೆಗೆದಿದ್ದ ಕಾಗದಗಳಲ್ಲಿ ಒಂದನ್ನು ಎದೆಯ ಮೇಲೆ ಇಟ್ಟುಕೊಂಡು, "ಈ ಮೂರ ಅಕ್ಷರದಾಂವ ಯಾರಂತ ಕಡೀಗೂ ತಿಳೀಲಿಲ್ಲ ನೋಡು," ಎಂದರು. ಮೊದಲ ಬಾರಿಗೆ ನನ್ನನ್ನು ಏಕವಚನದಲ್ಲಿ ಕರೆದಿದ್ದರು. ಆ ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು. ಕತ್ತಿಗಳನ್ನೆಲ್ಲ ಚಿಗವ್ವ ಮುಂದೆ ಸರಕಾರದ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು.

ಮಣ್ಣು ಕೊಟ್ಟ ಮೂರನೆಯ ದಿನ ಪಡಸಾಲೆಯಲ್ಲಿ ಜನ ಕೂತಿದ್ದಾಗ ಬಸಪ್ಪ ಹೊಸಮನಿ ಬಂದರು. ಕೈಯಲ್ಲಿ ಒಂದು ಹಾರವಿತ್ತು. ಕಾಕಾನ ಫೋಟೋಕ್ಕೆ ಅದನ್ನು ಹಾಕಿ, ಕೈಮುಗಿದು, ನನ್ನ ಹತ್ತಿರ ಬಂದು ಕೂತರು. ವಯಸ್ಸಾಗಿತ್ತು. ತಗ್ಗಿದ ದನಿಯಲ್ಲಿ ಹೇಳಿದರು.

"ನಮ್ಮ ಕತ್ತಿ ಮ್ಯಾಲೆ ಅವ್ರಿಗೆ ಆಸೆ ಇತ್ತರಿ ಅಕ್ಕಾರ. ನಿಮಗೂ ಗೊತ್ತೈತಿ. ಇರಲಿ, ಮನಷ್ಯಾ ಅಂದ ಮ್ಯಾಲೆ ಆಸೆ ಇರೂದ. ನಾ ಅದನ್ನ ಮನಸಿನ್ಯಾಗ ಇಟಗೊಂಡಿಲ್ಲ. ಅದನ್ನ ಹೇಳಿ ಹೋಗೂಣು ಅಂತ ಬಂದೆ."

ಎದುರಿಗೆ ಚಿಗವ್ವ ಕೂತಿದ್ದಳು. ಅವಳಿಗೂ ಕೇಳಿಸಿತ್ತು. ನಾನು ಅವಳ ಕಡೆ ನೋಡಿದೆ. ಅವಳು ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, "ದೊಡ್ಡ ಮನಸ ಮಾಡಿದ್ರಿ ಬಸಪ್ಪಾರ. ಮಗಾ ಹೆಂಗದಾನ್ರಿ?" ಎಂದು ಕೇಳಿದಳು.